ಹನೂರಿಗೆ ಬೇಕಾದ ಕ್ಯಾಮೆರಾ

ಸೆಲ್ವಮಣಿ ಸೆಲ್ವರಾಜ್ ನಿರ್ದೇಶಿಸಿದ, ಕಾಡುಗಳ್ಳ ವೀರಪ್ಪನ್ ಕುರಿತ ನಾಲ್ಕು ಕಂತುಗಳ ಸಾಕ್ಷ್ಯಚಿತ್ರ 2023ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಕಷ್ಟಪಟ್ಟು ಮಾಡಿದ ಕೆಲಸ. ಅವನ ಹೆಂಡತಿ ಮುತ್ತುಲಕ್ಷ್ಮಿಯೂ ಪೊಲೀಸ್ ಅಧಿಕಾರಿಗಳೂ ಅದರಲ್ಲಿ ಮಾತಾಡುತ್ತಾರೆ. ಆದರೆ ಕಥೆ ಕೊನೆಗೂ ಆ ಮೀಸೆಯ ಸುತ್ತಲೇ ತಿರುಗುತ್ತದೆ. ಹನೂರು ಕಡೆಯ ಗೋಪಿನಾಥಂ, ರಾಮಾಪುರ, ಮೀಣ್ಯಂ ಎಂದರೆ ಹೊರಗಿನವರಿಗೆ ಅವನು ಓಡಾಡಿದ ಜಾಗ. ಅಲ್ಲಿ ಸಂಸಾರ ಮಾಡಿಕೊಂಡಿದ್ದವರ ಪಾಡು ಇನ್ನೂ ಪೂರ್ತಿಯಾಗಿ ಪರದೆಗೆ ಬಂದಿಲ್ಲ.

1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಅವನ ತಂಡ ಇಟ್ಟ ನೆಲಬಾಂಬಿಗೆ 22 ಮಂದಿ ಸತ್ತರು. ಆಮೇಲೆ ಪೊಲೀಸ್ ಕಾರ್ಯಾಚರಣೆಯ ಬಿಸಿ ತಟ್ಟಿದ್ದು ಊರುಗಳಿಗೆ. ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯ ಕೇಸಿನಲ್ಲಿ ನೂರಕ್ಕೂ ಹೆಚ್ಚು ಜನ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದು, ಹೆಚ್ಚಿನವರು 2001ರಲ್ಲಿ ಖುಲಾಸೆಯಾದರು. ಮಲೆ ಮಹದೇಶ್ವರ ಬೆಟ್ಟದಲ್ಲಿ ವಿಶೇಷ ಕಾರ್ಯಪಡೆ (ಎಸ್‌ಟಿಎಫ್) ಹಿಂಸೆ ಕೊಡುತ್ತಿದ್ದ ಜಾಗಕ್ಕೆ ‘ವರ್ಕ್‌ಶಾಪ್’ ಎಂದೇ ಹೆಸರಿತ್ತು. ಈ ದೂರುಗಳನ್ನು ವಿಚಾರಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಸಂತ್ರಸ್ತರ ಹೇಳಿಕೆ ಪಡೆಯಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು.

ಇದನ್ನು ಚಿತ್ರ ಮಾಡುವುದು ಹೇಗೆ? ನನಗೆ ದಾರಿ ಕಾಣುವುದು ಬೆಂಗಳೂರಿನ ದೀಪಾ ಧನರಾಜ್ ಅವರ ಚಿತ್ರಗಳಲ್ಲಿ. 1980ರಲ್ಲಿ ಗೆಳೆಯರೊಂದಿಗೆ ‘ಯುಗಾಂತರ್’ ಕಟ್ಟಿದ ಅವರು, ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಣ್ಣಾಳುಗಳ ಜೊತೆ ತಿಂಗಳುಗಟ್ಟಲೆ ಕಳೆದು 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಮಾಡಿದರು. ಕ್ಯಾಮೆರಾ ನವರೋಜ್ ಕಾಂಟ್ರಾಕ್ಟರ್ ಅವರದು. ಏನನ್ನು ತೋರಿಸಬೇಕು ಎಂಬುದು ಆ ಹೆಂಗಸರ ಜೊತೆ ಕೂತು ತೀರ್ಮಾನವಾದದ್ದು. ಅದಕ್ಕೇ ಅಲ್ಲಿ ದೂಳು ಕುಡಿಯುವವರು ಕನಿಕರ ಕೇಳುವುದಿಲ್ಲ, ಲೆಕ್ಕ ಕೇಳುತ್ತಾರೆ. ಕುಟುಂಬ ಯೋಜನೆಯ ಹೆಸರಿನ ದಬ್ಬಾಳಿಕೆ ಕುರಿತ 1991ರ ‘ಸಮ್‌ಥಿಂಗ್ ಲೈಕ್ ಎ ವಾರ್’ ನನಗೆ ಇನ್ನೂ ದೊಡ್ಡದು. ಶಸ್ತ್ರಚಿಕಿತ್ಸೆಯ ವೈದ್ಯ ತನ್ನ ಕೆಲಸದ ಬಗ್ಗೆ ಹೆಮ್ಮೆಯಿಂದ ಹೇಳುತ್ತಾನೆ. ಇತ್ತ ಹೆಂಗಸರು ದುಂಡಗೆ ಕೂತು ತಮ್ಮ ಮೈಯ ಬಗ್ಗೆ ಮಾತಾಡುತ್ತಾರೆ. ತೀರ್ಪು ನೋಡುವವರಿಗೆ ಬಿಟ್ಟದ್ದು. ವಕೀಲ ಕೆ.ಜಿ. ಕಣ್ಣಬಿರನ್ ಕುರಿತ ಚಿತ್ರದಿಂದ ವಿದ್ಯಾರ್ಥಿ ರೋಹಿತ್ ವೇಮುಲ ಸಾವಿನ ನಂತರದ ಚಳವಳಿಯ ಚಿತ್ರದವರೆಗೆ ದೀಪಾ ಇದೇ ಹಾದಿಯಲ್ಲಿ ನಡೆದಿದ್ದಾರೆ.

ಹನೂರಿನ ಚಿತ್ರವನ್ನೂ ಹೀಗೆಯೇ ತೆಗೆಯಬೇಕು. ಸೋಲಿಗರ ಪೋಡುಗಳಲ್ಲಿ, ಗಡಿಯ ತಮಿಳು ಮನೆಗಳಲ್ಲಿ, ಸತ್ತ ಪೇದೆ ಮತ್ತು ಅರಣ್ಯ ವಾಚರ್‌ಗಳ ಮನೆಗಳಲ್ಲೂ ಕೂತು ಕೇಳಬೇಕು. ವೀರಪ್ಪನ್ ಫೋಟೊ ಒಂದೂ ಬೇಡ. 1993ರಲ್ಲಿ ಮೂವತ್ತರಲ್ಲಿದ್ದವರು ಈಗ ಅರವತ್ತು ದಾಟಿದ್ದಾರೆ. ಕೆಲಸ ಈ ವರ್ಷವೇ ಶುರುವಾಗಲಿ, ಮೊದಲ ಪ್ರದರ್ಶನ ಹನೂರಿನಲ್ಲೇ ಆಗಲಿ.