ಹೆಸರನ್ನೇ ನಂಬಿದ ತಂತ್ರಾಂಶ

2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದವು. ಆಮೇಲೆ ಕನಕಪುರದಿಂದ ಹಾರೋಹಳ್ಳಿ ತಾಲ್ಲೂಕು ಬೇರೆಯಾಯಿತು. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಆಯಿತು. ಇದು ಸರಿಯೋ ತಪ್ಪೋ ಎಂಬ ಜಗಳ ಬೇರೆ. ವೆಬ್ ಅಪ್ಲಿಕೇಶನ್ ಬರೆಯುವವರಿಗಂತೂ ಇದೊಂದು ಪರೀಕ್ಷೆ. ಊರಿನ ಹೆಸರನ್ನೇ ಡೇಟಾಬೇಸ್‌ನ ಕೀಲಿ ಮಾಡಿಕೊಂಡವರು ಇಲ್ಲಿ ನಪಾಸು.

ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಮೊದಲೇ ಇತ್ತು. ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ. ತಮಾಷೆಯೆಂದರೆ ಹೊಸ ಹೆಸರಿನ ಈ ಜಿಲ್ಲೆಯವರು ಮತ ಹಾಕುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ! ಹೆಸರು ನೋಡಿ ಜಾಗ ಗುರುತಿಸುವ ಕೋಡ್ ಇಲ್ಲಿ ದಾರಿ ತಪ್ಪದೆ ಇನ್ನೇನಾದೀತು? ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಹಳ್ಳಿಗಳಿಗೆ ಸಂಕೇತ ಸಂಖ್ಯೆಗಳಿವೆ. ಆ ಸಂಖ್ಯೆಯನ್ನು ಕೀಲಿ ಮಾಡಿ, ಹೆಸರನ್ನು ಪಕ್ಕದ ಕೋಷ್ಟಕದಲ್ಲಿ 'ಎಂದಿನಿಂದ, ಎಂದಿನವರೆಗೆ' ಎಂಬ ದಿನಾಂಕಗಳೊಡನೆ ಇಡುವುದು ಒಳ್ಳೆಯ ಪದ್ಧತಿ. ಹಳೆಯ ಪತ್ರದಲ್ಲಿ ರಾಮನಗರ ಜಿಲ್ಲೆ ಎಂದೇ ಉಳಿಯಬೇಕು. ಅದನ್ನು ತಿದ್ದಿ ಬರೆಯುವುದು ಇನ್ನೂ ದೊಡ್ಡ ತಪ್ಪು.

ಹೆಸರು ಬದಲಾಗದಿದ್ದರೂ ತೊಂದರೆ ತಪ್ಪದು. ಕೋಡಿಹಳ್ಳಿ ಎಂಬ ಊರಿನ ಹೆಸರಿನಲ್ಲಿರುವ 'ಕೋ' ಯೂನಿಕೋಡ್‌ನಲ್ಲಿ ಎರಡು ಸಂಕೇತಗಳಲ್ಲೂ ಕೂರುತ್ತದೆ, ಸ್ವರಚಿಹ್ನೆಯನ್ನು ಬಿಡಿಸಿದರೆ ನಾಲ್ಕರಲ್ಲೂ ಕೂರುತ್ತದೆ. ಪರದೆಯ ಮೇಲೆ ಎರಡೂ ಒಂದೇ, ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಹಳೆಯ ಫಾಂಟುಗಳ ಕಡತಗಳನ್ನು ಪರಿವರ್ತಿಸಿದಾಗ ಇಂಥವು ನುಸುಳಬಹುದು. ರೈತನೊಬ್ಬ ತನ್ನ ಊರನ್ನು ಹುಡುಕಿದರೆ 'ಮಾಹಿತಿ ಲಭ್ಯವಿಲ್ಲ' ಎಂಬ ಉತ್ತರ. ಕಣ್ಣೆದುರಿಗಿರುವ ಊರು ಇಲ್ಲವೆಂದರೆ ರೈತ ಏನು ಮಾಡಬೇಕು? ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಎಂಬ ಒಂದೇ ಕರೆ ಎರಡು ರೂಪಗಳನ್ನೂ ಒಂದಾಗಿಸಿ ಇದನ್ನು ಸರಿಪಡಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲೂ 13ನೇ ಆವೃತ್ತಿಯಿಂದ ಅದಿದೆ. ಉಳಿಸುವಾಗಲೂ ಹುಡುಕುವಾಗಲೂ ಎರಡೂ ಕಡೆ ಬಳಸಬೇಕು ಅಷ್ಟೆ.

ಅಕಾರಾದಿಯೂ ಹಾಗೆಯೇ. ಯೂನಿಕೋಡ್ ಪಟ್ಟಿಯಲ್ಲಿ ಳಕಾರ ಲಕಾರದ ಬೆನ್ನಿಗೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಹಕಾರದ ನಂತರ. ಸಂಕೇತದ ಕ್ರಮದಲ್ಲೇ ಜೋಡಿಸಿದರೆ ಚನ್ನಪಟ್ಟಣದ ಮಳೂರು ಇರಬೇಕಾದ ಕಡೆ ಇರುವುದಿಲ್ಲ. ಕನ್ನಡಕ್ಕೆಂದೇ ಹೊಂದಿಸಿದ, ಪದಗಳನ್ನು ಅಕ್ಷರಕ್ರಮದಲ್ಲಿ ಹೋಲಿಸುವ ಕೊಲೇಟರ್ ಬ್ರೌಸರಿನಲ್ಲೇ ಇದೆ. ಸಾಲು ಜೋಡಿಸುವ ಕೋಡನ್ನು ಕೈಯಾರೆ ಬರೆಯುವುದು ಸುಮ್ಮನೆ ಶ್ರಮ.

ಇಷ್ಟೆಲ್ಲ ಸಾಧನ ಕೈಗೆಟಕುವಾಗ ದೂರಬೇಕಾದದ್ದು ಪರೀಕ್ಷಿಸುವ ರೀತಿಯನ್ನೇ. ಇಂಗ್ಲಿಷ್ ಹೆಸರುಗಳ ಮಾದರಿ ದತ್ತಾಂಶ ಹಾಕಿ, ಕೆಲಸ ಮಾಡಿತೆಂದು ಬಿಡುಗಡೆ ಮಾಡುವ ತಂಡಗಳು ಇನ್ನಾದರೂ ಕೋಡಿಹಳ್ಳಿ, ಹಾರೋಹಳ್ಳಿ, ಮಳೂರು, ಬೆಂಗಳೂರು ದಕ್ಷಿಣ ಎಂಬ ನಾಲ್ಕು ಹೆಸರುಗಳನ್ನು ಪರೀಕ್ಷಾ ಪಟ್ಟಿಗೆ ಸೇರಿಸಿಕೊಳ್ಳಲಿ.