ಅರ್ತ್ ಪಿನ್ ಕಿತ್ತ ಆಸಿಲೋಸ್ಕೋಪ್

ಎಲೆಕ್ಟ್ರಾನಿಕ್ಸ್ ಲ್ಯಾಬುಗಳಲ್ಲಿ ಹಳೆಯದೊಂದು ಉಪಾಯ ಚಾಲ್ತಿಯಲ್ಲಿದೆ. ಆಸಿಲೋಸ್ಕೋಪಿನ ಮೂರು ಪಿನ್ ಟಾಪ್‌ನಿಂದ ಮೇಲಿನ ದಪ್ಪ ಪಿನ್ನನ್ನು ಕಿತ್ತುಬಿಡುವುದು, ಅಥವಾ ನಡುವೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಅರ್ತಿಂಗ್ ತಪ್ಪಿಸುವುದು. 'ಸ್ಕೋಪ್ ಫ್ಲೋಟ್ ಮಾಡುವುದು', ಅಂದರೆ ತೇಲಿಸುವುದು, ಎಂದು ಇದಕ್ಕೆ ಹೆಸರು. ತಯಾರಕರ ಕೈಪಿಡಿಗಳು ಇದನ್ನು ಮಾಡಲೇಬೇಡಿ ಎನ್ನುತ್ತವೆ. ಆದರೂ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಬಾಯಿಮಾತಿನಲ್ಲೇ ಇದು ದಾಟುತ್ತ ಬಂದಿದೆ. ಈಗ ಹುಡುಗರು ಕಟ್ಟುವ ಸರ್ಕ್ಯೂಟುಗಳಿಗೆ ಕರೆಂಟು ಬರುವುದೇ ಹೆಚ್ಚಾಗಿ ಕಂಪ್ಯೂಟರಿನ ಯುಎಸ್‌ಬಿ ಪೋರ್ಟಿನಿಂದ. ಹಾಗಾಗಿ ಈ ಉಪಾಯದ ಯೋಗ್ಯತೆ ಎಷ್ಟೆಂದು ಕೇಳಲೇಬೇಕಾದ ಕಾಲ ಬಂದಿದೆ.

ಇದು ಹುಟ್ಟಿದ್ದು ಒಂದು ನಿಜವಾದ ಕಷ್ಟದಿಂದ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಸರ್ಕ್ಯೂಟಿನ ಯಾವ ಎರಡು ಬಿಂದುಗಳಿಗೆ ಮುಟ್ಟಿಸಿದರೂ ತೊಂದರೆಯಿಲ್ಲ. ಸ್ಕೋಪಿನ ಪ್ರೋಬ್ ಹಾಗಲ್ಲ. ಅದರ ಮೊನೆ ಮಾತ್ರ ಅಳೆಯುತ್ತದೆ. ಪಕ್ಕದಲ್ಲಿ ನೇತಾಡುವ ಕ್ಲಿಪ್ಪು, ಪ್ರೋಬನ್ನು ಸ್ಕೋಪಿಗೆ ಸಿಕ್ಕಿಸುವ ಬಿಎನ್‌ಸಿ ಕನೆಕ್ಟರಿನ ಹೊರಕವಚಕ್ಕೆ, ಅಲ್ಲಿಂದ ಒಳಗಿನ ಲೋಹದ ಚಾಸಿಗೆ, ಅಲ್ಲಿಂದ ಅರ್ತ್ ಪಿನ್ನಿಗೆ ನೇರವಾಗಿ ಸೇರಿಕೊಂಡಿರುತ್ತದೆ. ಎಂದರೆ ಕ್ಲಿಪ್ಪನ್ನು ಎಲ್ಲಿ ಕಚ್ಚಿಸುತ್ತೀರೋ ಆ ಬಿಂದುವನ್ನು ಭೂಮಿಗೆ ಕಟ್ಟಿದಂತೆ. ಹಾಗೆ ಕಟ್ಟಬಾರದ ಬಿಂದುವೂ ಇರುತ್ತದೆ ಎಂದು ತಿಳಿದವರು ಪಿನ್ನಿಗೇ ಕೈಹಾಕಿದರು.

ಸೋಜಿಗವೆಂದರೆ, ಈ ಉಪಾಯ ಎಷ್ಟೋ ಸಲ ಆ ಕಷ್ಟವನ್ನೂ ನೀಗಿಸುವುದಿಲ್ಲ. ಬ್ರಿಜ್ ರೆಕ್ಟಿಫೈಯರ್ ಪ್ರಯೋಗವನ್ನೇ ನೋಡಿ. ಒಂದು ಚಾನೆಲ್ಲಿನಲ್ಲಿ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯ ಎಸಿಯನ್ನೂ ಇನ್ನೊಂದರಲ್ಲಿ ಲೋಡಿನ ಡಿಸಿಯನ್ನೂ ಒಟ್ಟಿಗೆ ನೋಡುವ ಆಸೆಯಿಂದ ಹುಡುಗರು ಎರಡೂ ಕ್ಲಿಪ್ಪುಗಳನ್ನು ಬೇರೆ ಬೇರೆ ಕಡೆ ಕಚ್ಚಿಸುತ್ತಾರೆ. ಅವೆರಡೂ ಸ್ಕೋಪಿನ ಒಳಗೇ ಒಂದಾಗಿರುವುದರಿಂದ ಒಂದು ಡಯೋಡ್ ಶಾರ್ಟ್ ಆಗುತ್ತದೆ. ಪ್ರತಿ ಸೈಕಲ್ಲಿನ ಒಂದು ಅರ್ಧದಲ್ಲಿ ಇಡೀ ಸೆಕೆಂಡರಿ ಇನ್ನೊಂದು ಡಯೋಡಿನ ಮೂಲಕ ಶಾರ್ಟ್ ಆಗಿ ಆ ಬಡಪಾಯಿ ಸುಟ್ಟುಹೋಗುತ್ತದೆ. ಇಲ್ಲಿ ಅರ್ತ್ ಪಿನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸೆಕೆಂಡರಿ ಮೊದಲಿನಿಂದಲೂ ಭೂಮಿಗೆ ಸೇರಿದ್ದಲ್ಲವಲ್ಲ!

ಈಗ ಯುಎಸ್‌ಬಿಗೆ ಬರೋಣ. ಡೆಸ್ಕ್‌ಟಾಪ್ ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಕೊಡುವ 5 ವೋಲ್ಟಿನ ಸೊನ್ನೆ ತಂತಿ ಕ್ಯಾಬಿನೆಟ್ಟಿಗೂ ಅರ್ತ್ ಪಿನ್ನಿಗೂ ಸೇರಿರುತ್ತದೆ. ಆದ್ದರಿಂದ ಯುಎಸ್‌ಬಿಯಿಂದ ನಡೆಯುವ ಆರ್ಡುಯಿನೊ ಬೋರ್ಡಿನ ಸೊನ್ನೆಯೂ ಭೂಮಿಯೇ. ಒಬ್ಬ ವಿದ್ಯಾರ್ಥಿ ಮೋಟರು ಎಳೆಯುವ ಕರೆಂಟನ್ನು ನೋಡಲು 5 ವೋಲ್ಟ್ ಸಾಲಿನಲ್ಲಿ 1 ಓಮಿನ ರೆಸಿಸ್ಟರ್ ಇಟ್ಟ ಎನ್ನಿ. ಅದರ ಒಂದು ತುದಿಗೆ ಮೊನೆ, ಇನ್ನೊಂದು ತುದಿಗೆ ಕ್ಲಿಪ್ಪು. ತಕ್ಷಣ 5 ವೋಲ್ಟು ಕ್ಲಿಪ್ಪಿನಿಂದ ಸ್ಕೋಪಿನ ಚಾಸಿಗೆ, ಅರ್ತ್ ತಂತಿಗೆ, ಸ್ಪೈಕ್ ಬಸ್ಟರಿಗೆ, ಅಲ್ಲಿಂದ ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ ಸುತ್ತು ಹಾಕಿ ಎಸ್‌ಎಂಪಿಎಸ್ ಸೇರುತ್ತದೆ. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು 500 ಮಿಲಿಆಂಪಿಯರ್; ಈ ದಾರಿಯಲ್ಲಿ ತಡೆ ಅಂದರೆ ಹೆಚ್ಚೆಂದರೆ ಆ 1 ಓಮು. ಆರ್ಡುಯಿನೊ ಉನೊದಲ್ಲಿ ತಾನಾಗಿ ಚೇತರಿಸಿಕೊಳ್ಳುವ 500 ಮಿಲಿಆಂಪಿಯರಿನ ಫ್ಯೂಸ್ ಇರುವುದರಿಂದ ಕಂಪ್ಯೂಟರು ಬಚಾವಾಗಬಹುದು. ಅದಿಲ್ಲದ ಅಗ್ಗದ ಬೋರ್ಡಾದರೆ ಉಳಿವು ಮದರ್‌ಬೋರ್ಡಿನ ರಕ್ಷಣೆಗೆ ಬಿಟ್ಟದ್ದು. ಕಟ್ಟಡದ ಅರ್ತಿಂಗೇ ಕೆಟ್ಟಿದೆ, ಹಾಗಾಗಿ ಅಪಾಯವಿಲ್ಲ ಎನ್ನುವವರೂ ಇದ್ದಾರೆ. ಆದರೆ ಸ್ಕೋಪೂ ಕಂಪ್ಯೂಟರೂ ಒಂದೇ ಸ್ವಿಚ್‌ಬೋರ್ಡಿನಲ್ಲಿದ್ದರೆ ಅದರೊಳಗಿನ ಅರ್ತ್ ಪಟ್ಟಿಯೇ ಎರಡನ್ನೂ ಜೋಡಿಸಿರುತ್ತದೆ. ಶಾರ್ಟ್ ಆಗಲು ಭೂಮಿಯವರೆಗೆ ಹೋಗಬೇಕಾಗಿಲ್ಲ.

ಇಲ್ಲಿ ಪಿನ್ ಕಿತ್ತರೆ ಈ ಶಾರ್ಟು ತಪ್ಪುತ್ತದೆ, ನಿಜ. ಉಪಾಯದ ಪರವಾಗಿ ಇರುವ ವಾದ ಇದೊಂದೇ. ಅದಕ್ಕೆ ತೆರುವ ಬೆಲೆ ನೋಡಿ. ಸ್ಕೋಪಿನ ಒಳಗೆ ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಚಾಸಿಗೆ ಒಂದೊಂದು ಫಿಲ್ಟರ್ ಕೆಪಾಸಿಟರ್ ಇರುತ್ತದೆ. ಅರ್ತ್ ಇಲ್ಲದಾಗ ಅವು 230 ವೋಲ್ಟನ್ನು ಅರ್ಧಕ್ಕೆ ಹಂಚಿ ಚಾಸಿಯನ್ನು ಸುಮಾರು 115 ವೋಲ್ಟಿನಲ್ಲಿ ನಿಲ್ಲಿಸುತ್ತವೆ. ಕರೆಂಟು ಒಂದು ಮಿಲಿಆಂಪಿಯರಿಗೂ ಕಡಿಮೆ, ಮುಟ್ಟಿದವರಿಗೆ ಜುಮ್ಮೆನ್ನುತ್ತದೆ, ಅಷ್ಟೆ. ಆದರೆ ಅದೇ ಕ್ಲಿಪ್ಪು ಮೊದಲು ತಾಗುವುದು ಮೈಕ್ರೊಕಂಟ್ರೋಲರಿನ ಪಿನ್ನಿಗೋ ಮಾಸ್ಫೆಟ್ಟಿನ ಗೇಟಿಗೋ ಆದರೆ ಆ ಭಾಗ ಸಾಯಲು ಅಷ್ಟೇ ಸಾಕು. ಒಳಗೆ ಇನ್ಸುಲೇಶನ್ ಸುಟ್ಟು ಫೇಸು ಚಾಸಿಗೆ ತಾಗಿದ ದಿನವಂತೂ ಕೇಳುವುದೇ ಬೇಡ: ಫ್ಯೂಸ್ ಹಾರಿಸಬೇಕಾದ ದಾರಿಯನ್ನು ನಾವೇ ಕತ್ತರಿಸಿದ್ದೇವೆ, ಬಿಎನ್‌ಸಿಯ ಲೋಹ ಎದುರಿಗೇ ಇದೆ. ಇನ್ನು, ಪಿನ್ ಕಿತ್ತ ಸ್ಕೋಪನ್ನೇ ಪರದೆಯ ಚಿತ್ರ ಇಳಿಸಿಕೊಳ್ಳಲೆಂದು ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಸಿಕ್ಕಿಸುವವರಿದ್ದಾರೆ. ಆಗ ಅರ್ತ್ ಆ ಸಪೂರ ಕೇಬಲಿನ ಮೂಲಕ ವಾಪಸು ಬಂತು. ಕಿತ್ತ ಪುಣ್ಯವೂ ದಕ್ಕಲಿಲ್ಲ!

ಅಳತೆಯ ದೃಷ್ಟಿಯಿಂದಲೂ ಇದು ಸೋತ ಉಪಾಯವೇ. ತೇಲಿಸಿದ ಸ್ಕೋಪಿನ ಚಾಸಿಗೂ ಭೂಮಿಗೂ ನಡುವೆ ಇರುವ ಕೆಪಾಸಿಟೆನ್ಸ್ ಪೂರ್ತಿಯಾಗಿ ಕ್ಲಿಪ್ಪು ಕಚ್ಚಿದ ಬಿಂದುವಿನ ಮೇಲೆ ಬೀಳುತ್ತದೆ. ಬಿರುಸಾಗಿ ಏರಿಳಿಯುವ ಬಿಂದುವಾದರೆ ಪರದೆಯ ಮೇಲೆ ಕಾಣುವ ಅಲೆ ಸರ್ಕ್ಯೂಟಿನದಲ್ಲ, ನಾವು ಹೇರಿದ ಭಾರದ್ದು.

ತೇಲಿಸಲೇಬೇಕಾದರೆ ತೇಲಿಸಬೇಕಾದದ್ದು ಸರ್ಕ್ಯೂಟನ್ನು, ಸ್ಕೋಪನ್ನಲ್ಲ. ಬ್ಯಾಟರಿಯ ಮೇಲೆ ನಡೆಯುವ ಲ್ಯಾಪ್‌ಟಾಪಿನಿಂದ ಬೋರ್ಡಿಗೆ ಕರೆಂಟು ಕೊಟ್ಟರೆ ಕಾಸಿಲ್ಲದೆ ಕೆಲಸ ಮುಗಿಯುತ್ತದೆ. ಚಾರ್ಜರ್ ಕಳಚಿರಬೇಕು, ಪ್ರೊಜೆಕ್ಟರಿನ ಕೇಬಲನ್ನೂ ಮರೆಯಬಾರದು, ಏಕೆಂದರೆ ಅದರ ಮೂಲಕವೂ ಅರ್ತ್ ನುಸುಳುತ್ತದೆ. ಡೆಸ್ಕ್‌ಟಾಪೇ ಗತಿಯಾದರೆ ಯುಎಸ್‌ಬಿ ಐಸೊಲೇಟರ್ ಇದೆ. ಅನಲಾಗ್ ಡಿವೈಸಸ್‌ನ ಎಡಿಯುಎಂ4160 ಚಿಪ್ಪಿನ ಮೇಲೆ ಕಟ್ಟಿದವು ಸೆಕೆಂಡಿಗೆ 12 ಮೆಗಾಬಿಟ್‌ವರೆಗೆ ಸಾಗಿಸುತ್ತವೆ, ಆರ್ಡುಯಿನೊ ತರಹದ ಬೋರ್ಡುಗಳಿಗೆ ಅದು ಧಾರಾಳ. ಇವ್ಯಾವುವೂ ಇಲ್ಲದಿದ್ದರೂ ಎರಡು ಪ್ರೋಬ್ ಇದ್ದೇ ಇರುತ್ತವೆ. ಎರಡೂ ಕ್ಲಿಪ್ಪುಗಳನ್ನು ಬೋರ್ಡಿನ ಸೊನ್ನೆಗೇ ಕಚ್ಚಿಸಿ, ಮೊನೆಗಳನ್ನು ರೆಸಿಸ್ಟರಿನ ಎರಡು ತುದಿಗಳಿಗೆ ಇಟ್ಟು, ಮ್ಯಾತ್ ಮೆನುವಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆದರಾಯಿತು. ಸಣ್ಣ ವ್ಯತ್ಯಾಸಗಳನ್ನು ಇದು ಚೆನ್ನಾಗಿ ತೋರಿಸುವುದಿಲ್ಲ ಎಂಬ ದೂರು ಸರಿಯೇ. ಅಂಥ ಕೆಲಸಕ್ಕೆ ಡಿಫರೆನ್ಶಿಯಲ್ ಪ್ರೋಬ್ ಬೇಕು, ಅದು ದುಬಾರಿ. ಆದರೆ ಕಾಲೇಜಿನ ಪ್ರಯೋಗಗಳಲ್ಲಿ ಬಹುಪಾಲು ಈ ಕಳೆಯುವ ಲೆಕ್ಕಕ್ಕೆ ಒಗ್ಗುತ್ತವೆ.

ಇಷ್ಟೆಲ್ಲ ಹೇಳಿದ್ದು ಕಡಿಮೆ ವೋಲ್ಟೇಜಿಗೆ. ಟ್ರಾನ್ಸ್‌ಫಾರ್ಮರಿಲ್ಲದೆ ನೇರ 230 ವೋಲ್ಟಿನಿಂದ ನಡೆಯುವ ವೈಫೈ ಸ್ವಿಚ್ಚು, ಎಲ್‌ಇಡಿ ಡ್ರೈವರುಗಳಲ್ಲಿ ಬೋರ್ಡಿನ ಸೊನ್ನೆಯೇ ಫೇಸ್ ಆಗಿರಬಹುದು. ಅವು ಮೇನ್ಸಿನಲ್ಲಿರುವಾಗ ಯುಎಸ್‌ಬಿಯನ್ನಾಗಲಿ ಕ್ಲಿಪ್ಪನ್ನಾಗಲಿ ಹತ್ತಿರಕ್ಕೂ ತರಬಾರದು. ಇನ್ನು ನಮ್ಮ ಕಾಲೇಜುಗಳು ಬಳಸುವ ಎಕ್ಸ್‌ಪೈಸ್, ಅಂದರೆ ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರಿನಲ್ಲಿ ರೂಪುಗೊಂಡ ಪೆಟ್ಟಿಗೆ, ಸ್ವತಃ ಯುಎಸ್‌ಬಿಯಿಂದ ನಡೆಯುವ ಸ್ಕೋಪು. ಅದರ ಗ್ರೌಂಡು ಕಂಪ್ಯೂಟರಿನ ಗ್ರೌಂಡೇ. ಅಲ್ಲಿ ಕೀಳಲು ಪಿನ್ನೇ ಇಲ್ಲ ಎಂಬುದು ನನ್ನ ಮಟ್ಟಿಗೆ ಸಮಾಧಾನದ ವಿಷಯ.

ನನ್ನ ದೊಡ್ಡ ತಕರಾರು ಪಿನ್ ಕೀಳುವವರ ಮೇಲಲ್ಲ, ಲ್ಯಾಬ್ ಮ್ಯಾನ್ಯುಯಲ್ಲುಗಳ ಮೇಲೆ. 'ಟು ಸಿಆರ್‌ಓ' (ಆಸಿಲೋಸ್ಕೋಪಿಗೆ) ಎಂದು ಬರೆದು ಎರಡು ಬಾಣ ಎಳೆಯುವ ಚಿತ್ರಗಳು ಎರಡೂ ತಂತಿ ಸಮಾನವೆಂಬ ಭ್ರಮೆಯನ್ನು ಬಿತ್ತುತ್ತವೆ. ಅವುಗಳಲ್ಲೊಂದಕ್ಕೆ ಅರ್ತ್ ಚಿಹ್ನೆ ಹಾಕಿದ್ದರೆ ಅರ್ಧ ಅಪಘಾತಗಳು ಪುಟದಲ್ಲೇ ನಿಲ್ಲುತ್ತಿದ್ದವು. ಲ್ಯಾಬ್ ನೋಡಿಕೊಳ್ಳುವವರಲ್ಲಿ ಒಂದು ಕೋರಿಕೆ: ಸ್ಕೋಪು, ಕಂಪ್ಯೂಟರು ಎರಡರ ಟಾಪನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಸಿಕ್ಕಿಸಿ, ಸ್ವಿಚ್ ಆಫ್ ಮಾಡಿ, ಮಲ್ಟಿಮೀಟರನ್ನು ಬಜರಿಗೆ ಇಟ್ಟು ಬಿಎನ್‌ಸಿಯ ಹೊರಕವಚಕ್ಕೂ ಯುಎಸ್‌ಬಿ ಪೋರ್ಟಿನ ಲೋಹಕ್ಕೂ ಮುಟ್ಟಿಸಿ ಹುಡುಗರಿಗೆ ಕೇಳಿಸಿ. ಸದ್ದು ಬರದಿದ್ದರೆ ಯಾವುದೋ ಒಂದರ ಅರ್ತ್ ಕಡಿದಿದೆ, ಮೊದಲು ಆ ಟಾಪ್ ಬದಲಾಯಿಸಿ.