ಹೆಸರು ಯಾರದು, ಯಾರಿಗೆ

ನನ್ನ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ತಿದ್ದಿಸಿಕೊಂಡು ಬಂದಾಗ ಒಂದು ವಾಕ್ಯದ ಕೆಳಗೆ ಗೆರೆ ಬಿದ್ದಿತ್ತು. ಶೇಕ್ಸ್‌ಪಿಯರನ ಒಥೆಲೊ ಬಗ್ಗೆ ನಾನು ‘ಮೇಡ್ ಎ ನೇಮ್ ಟು ವೆನಿಸ್’ ಎಂದು ಬರೆದಿದ್ದೆ. ಪಕ್ಕದಲ್ಲಿ ‘ಫಾರ್ ಹಿಮ್‌ಸೆಲ್ಫ್’ ಎಂಬ ತಿದ್ದುಪಡಿ. ತಿದ್ದಿದ್ದು ಸರಿಯೇ. ಆ ನುಡಿಗಟ್ಟಿನಲ್ಲಿ ನೇಮ್ ಮಾಡುವುದು ತನಗಾಗಿ. ಯಾವುದರಲ್ಲಿ ಎಂದು ಹೇಳಬೇಕಿದ್ದರೆ ‘ಆ್ಯಸ್ ಎ ಸೋಲ್ಜರ್’ ಎಂದು ಸೇರಿಸಬೇಕು. ನನ್ನ ತಲೆಯಲ್ಲಿದ್ದದ್ದು ‘ವೆನಿಸ್ಸಿಗೆ ಹೆಸರು ತಂದ’ ಎಂಬ ಕನ್ನಡ.

ನಾವು ಹೆಸರು ತರುವುದು ಅಪ್ಪನಿಗೆ, ಊರಿಗೆ, ಓದಿದ ಶಾಲೆಗೆ. ‘ಕೊಳ್ಳು’ ಬಂದು ಸೇರುವುದು ಹೆಚ್ಚಾಗಿ ಕೆಟ್ಟಾಗಲೇ: ಹೆಸರು ಕೆಡಿಸಿಕೊಂಡ. ಬಂದರೆ ಎಲ್ಲರದು, ಕೆಟ್ಟರೆ ಅವನೊಬ್ಬನದು. ಮಗಳ ವಿಷಯಕ್ಕೆ ಬಂದರೆ ಮಾತ್ರ ಲೆಕ್ಕ ತಿರುಗಿ ‘ಮನೆತನದ ಹೆಸರು ಕೆಡಿಸಿದಳು’ ಎಂದಾಗುತ್ತದೆ.

ತಿದ್ದುಪಡಿ ಒಪ್ಪಿಕೊಂಡು ನಾಟಕವನ್ನು ಮತ್ತೆ ಓದಿದೆ. ಕುಡಿದು ಜಗಳವಾಡಿ ಹುದ್ದೆ ಕಳೆದುಕೊಂಡ ಕ್ಯಾಸಿಯೊ ತನ್ನ ಹೆಸರಿಗಾಗಿ ಗೋಳಾಡಿದಾಗ, ಅದೆಲ್ಲ ಬರೀ ಪೊಳ್ಳು ಎನ್ನುತ್ತಾನೆ ಇಯಾಗೊ. ಮುಂದಿನ ಅಂಕದಲ್ಲಿ ಅವನೇ ಒಥೆಲೊಗೆ, ಒಳ್ಳೆಯ ಹೆಸರಿಗಿಂತ ದೊಡ್ಡ ಸೊತ್ತಿಲ್ಲ ಎಂದು ಉಪದೇಶಿಸುತ್ತಾನೆ. ಎರಡೂ ಕಡೆ ಅವನ ಇಂಗ್ಲಿಷಿನಲ್ಲಿ ಗೆರೆ ಎಳೆಯಲು ಏನೂ ಸಿಗುವುದಿಲ್ಲ!

ನನ್ನನ್ನು ತಡೆದು ನಿಲ್ಲಿಸಿದ್ದು ಮೂರನೆಯ ಅಂಕದ ಇನ್ನೊಂದು ಸಾಲು. ಹೆಂಡತಿಯ ಮೇಲೆ ಸಂಶಯ ಹುಟ್ಟಿದ ಒಥೆಲೊ, ಚಂದ್ರದೇವತೆಯ ಮುಖದಷ್ಟು ನಿರ್ಮಲವಾಗಿದ್ದ ಹೆಸರು ಮಸಿಯಾಯಿತು ಎಂದು ಸಂಕಟಪಡುತ್ತಾನೆ. ಯಾರ ಹೆಸರು? 1623ರ ಫೋಲಿಯೊದಲ್ಲಿ ‘ನನ್ನ ಹೆಸರು’ ಎಂದಿದೆ, 1630ರ ಕ್ವಾರ್ಟೊದಲ್ಲಿ ‘ಅವಳ ಹೆಸರು’. ಸಂಪಾದಕರು ಇಂದಿಗೂ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ನನಗೆ ‘ನನ್ನ’ ಎಂಬುದೇ ಹೆಚ್ಚು ಭಯ ಹುಟ್ಟಿಸುತ್ತದೆ. ತನಗಾಗಿ ಗಳಿಸಿದ ಹೆಸರನ್ನು ಹೆಂಡತಿಯ ಮೈಮೇಲೆ ಇಟ್ಟುಬಿಟ್ಟಿದ್ದಾನೆ. ಅದು ಕೆಟ್ಟಿತೆನಿಸಿದಾಗ ಸಾಯಬೇಕಾದವಳು ಅವಳು. ‘ಮನೆತನದ ಹೆಸರು’ ಕೇಳಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ.

ಕೊನೆಗೆ, ಚುಚ್ಚಿಕೊಂಡು ಸಾಯುವ ಮುನ್ನ, ಒಥೆಲೊ ಮೊದಲು ನೆನಪಿಸುವುದು ವೆನಿಸ್ ರಾಜ್ಯಕ್ಕೆ ತಾನು ಮಾಡಿದ ಸೇವೆಯನ್ನು. ಆಮೇಲೆ, ನಡೆದದ್ದನ್ನು ಬರೆಯುವಾಗ ತಾನು ಇದ್ದ ಹಾಗೆಯೇ ಬರೆಯಿರಿ ಎಂದು ಕೇಳಿಕೊಳ್ಳುತ್ತಾನೆ.

ಅಧ್ಯಾಯವನ್ನು ಮತ್ತೆ ಕೊಟ್ಟಿದ್ದೇನೆ. ‘ಫಾರ್ ಹಿಮ್‌ಸೆಲ್ಫ್’ ಹಾಗೇ ಇದೆ. ವೆನಿಸ್ಸನ್ನು ಅಡಿಟಿಪ್ಪಣಿಗೆ ಇಳಿಸಿದ್ದೇನೆ; ಅದು ಈಗಾಗಲೇ ವಾಕ್ಯಕ್ಕಿಂತ ಉದ್ದವಾಗಿದೆ.